ಏ ಹೇಯ್ಸರು ಯಂತ್ರವನ್ನು ಬೆಚ್ಚಗಿಟ್ಟ ಶನಿವಾರ

ಏ ಎಂಬುದು ಒಂದು ಹೆಸರು. ನಮ್ಮ ಕಡೆ ಬೀದಿಯಲ್ಲಿ ಯಾರನ್ನಾದರೂ ಹಾಗೆ ಕರೆದರೆ ಅವರು ತೋಳು ಮಡಚಿಕೊಂಡೇ ತಿರುಗಿಯಾರು. ಐರ್ಲೆಂಡಿನ ಕಿಲ್‌ಮಕ್ರೀವಿ ಎಂಬ ಊರಿನಲ್ಲಿ ಹಾಗೆ ಕರೆದರೆ, ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟು, ಏನನ್ನೋ ಮರೆತು ಬಂದವರಂತೆ ಸದಾ ಜೇಬು ತಡವಿಕೊಳ್ಳುವ ಸಜ್ಜನರೊಬ್ಬರು ತಿರುಗಿ ನಿಂತು, "ನಾನೇನಾದ್ರೂ ತಪ್ಪು ಮಾಡಿದ್ನಾ?" ಎಂದು ಕೇಳುತ್ತಾರೆ. ಅವರೇ ಏ ಹೇಯ್ಸ್.

ಹೆಸರು ಚಿಕ್ಕದಾದರೂ ಅದರ ಬಾಲ ಬಹಳ ದೊಡ್ಡದು. ಹಳೆಯ ಗೇಲಿಕ್ ಭಾಷೆಯಲ್ಲಿ ಅದಕ್ಕೆ ಬೆಂಕಿ ಎಂದು ಅರ್ಥ. ಹೇಯ್ಸ್ ಎಂದರೆ ಅದೇ ಹೆಸರಿನವನ ವಂಶ. ಅಂದರೆ ಬೆಂಕಿಯ ವಂಶದಲ್ಲಿ ಹುಟ್ಟಿದ ಬೆಂಕಿ. ಈ ಬೆಂಕಿಗೆ ಸೆಪ್ಟೆಂಬರ್‌ನಿಂದಲೇ ಚಳಿಯಾಗುತ್ತಿತ್ತು. ಹೆಬ್ಬಾತುಗಳನ್ನು ಕಂಡರೆ, ಕರೆಂಟು ಹರಿಯುವ ಬೇಲಿಯನ್ನು ಕಂಡರೆ, ಫೋನು ಎರಡು ಸಲಕ್ಕಿಂತ ಹೆಚ್ಚು ರಿಂಗಾದರೆ ಅದು ಭಯಪಡುತ್ತಿತ್ತು. ಅಪ್ಪ ಹೊಲವನ್ನು ತಮ್ಮನಿಗೆ ಕೊಟ್ಟರು. ಚರ್ಚಿನ ಗಾಯನ ತಂಡದವರು ಹೇಯ್ಸರಿಗೆ ಹಾಡಲು ಕೊಡದೆ ಪುಟ ತಿರುಗಿಸಲು ಕೊಟ್ಟರು. ಕೆಲಸ ಮಾಡಿದ ಸಹಕಾರಿ ಅಂಗಡಿಯಲ್ಲಿ ಹುಡುಗುತನದಿಂದ ನಿವೃತ್ತಿಯವರೆಗೆ ಒಂದು ದಿನವೂ ಬಾಗಿಲಿನ ಕೀಲಿಕೈ ಕೊಡಲಿಲ್ಲ. ಬೆಂಕಿಯನ್ನು ನಂಬಿ ಯಾರೂ ಏನನ್ನೂ ಒಪ್ಪಿಸಿರಲಿಲ್ಲ.

ಹಾಗಿರುವಾಗ ಊರಿಗೆ ಯಂತ್ರ ಬಂತು. ಹೃದಯ ನಿಂತವರ ಎದೆಗೆ ಶಾಕ್ ಕೊಟ್ಟು ಮತ್ತೆ ನಡೆಸುವ ಯಂತ್ರ. ಊರವರು ಕೇಕು ಮಾರಿ, ಲಾಟರಿ ಎತ್ತಿ ಅದನ್ನು ಕೊಂಡು, ಚರ್ಚಿನ ಪಕ್ಕದ ಹಳೆಯ ಟೆಲಿಫೋನ್ ಗೂಡಿನಲ್ಲಿ ಒಂದು ಪೆಟ್ಟಿಗೆ ಕೂರಿಸಿ ಅದರೊಳಗಿಟ್ಟರು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಎ-ಇ-ಡಿ ಎಂಬ ಮೂರಕ್ಷರ. ಪೆಟ್ಟಿಗೆಯನ್ನು ಯಾರು ಬೇಕಾದರೂ ತೆರೆಯಬಹುದಿತ್ತು. ಆದರೆ ಅದನ್ನು ಬೆಚ್ಚಗಿಡುವ ಹೀಟರು ಕೆಳಗಿನ ಖಾನೆಯಲ್ಲಿತ್ತು, ಆ ಖಾನೆಗೆ ಒಂದು ಕೀಲಿಕೈಯಿತ್ತು. ಅದನ್ನು ಇಟ್ಟುಕೊಂಡು ದಿನವೂ ನೋಡಿಕೊಳ್ಳುವವರು ಯಾರು ಎಂದು ಸಮಿತಿಯ ಅಧ್ಯಕ್ಷೆ ಅಸಂಪ್ಟಾ ಟಿಯರ್ನಿಯವರು ಉದ್ಘಾಟನೆಯ ದಿನ ಕೇಳಿದಾಗ, ಊರವರೆಲ್ಲ ತಮ್ಮ ತಮ್ಮ ಬೂಟುಗಳನ್ನು ಗಮನವಿಟ್ಟು ನೋಡತೊಡಗಿದರು. ಹೇಯ್ಸರೊಬ್ಬರು ಕೈಯೆತ್ತಿದರು. ಎತ್ತಿದ್ದಲ್ಲದೆ ಭಾಷಣವನ್ನೂ ಮಾಡಿದರು.

"ಇದು ಆಕಸ್ಮಿಕ ಅಲ್ಲ," ಎಂದರು ಹೇಯ್ಸರು. "ಸಾವಿರ ವರ್ಷದ ಹಿಂದೆ ನನ್ನ ಹೆಸರನ್ನ ಈಗಿನ ಹಾಗೆ ಬರೀತಿರ್ಲಿಲ್ಲ. ಎ, ಇ, ಡಿ ಅಂತಾನೇ ಬರೀತಿದ್ರು. ಈ ಹೆಸರಿನ ಅರಸರಿದ್ರು. ಸಂತರಿದ್ರು. ಪಿಂಚಣಿ ಕಚೇರಿಯೋರು ನನ್ನನ್ನ ಹ್ಯೂ, ಹ್ಯೂ ಅಂತಾರೆ. ಅದು ಇಂಗ್ಲಿಷಿನವರು ಅಂಟಿಸಿದ್ದು, ಆ ಹೆಸರಿಗೂ ನನಗೂ ಸಂಬಂಧ ಇಲ್ಲ. ನನ್ನ ಹೆಸರು ಈ ಪೆಟ್ಟಿಗೆ ಮೇಲಿದೆ."

"ಏ ಹೇಯ್ಸ್," ಎಂದು ಹಿಂದಿನಿಂದ ಕೂಗಿದವನು ಫಿಂಟನ್ ಫ್ಯಾಲನ್. "ನಾನು ದುಬೈನಲ್ಲಿ ಎರಡು ವರ್ಷ ಇದ್ದೆ. ಅಲ್ಲಿಯ ದುಡ್ಡಿಗೂ ಅದೇ ಮೂರಕ್ಷರ. ಅಲ್ಲಿ ಬ್ಯಾಂಕಿಗೆ ಹೋಗಿ ಇದೇ ಭಾಷಣ ಮಾಡು, ತಿಜೋರಿ ಕೀಲೀನೂ ಕೊಟ್ಬಿಡ್ತಾರೆ."

ಊರು ನಕ್ಕಿತು. ಆದರೂ ಬೇರೆ ಯಾರೂ ಕೈಯೆತ್ತದ್ದರಿಂದ ಕೀಲಿಕೈ ಹೇಯ್ಸರ ಕೈಗೇ ಬಂತು. ಅವರು ಅದನ್ನು ಒಳಗಿನ ಸ್ವೆಟರಿನ ಒಳಗೆ ದಾರಕ್ಕೆ ಕಟ್ಟಿ ತೂಗುಹಾಕಿಕೊಂಡರು. ದಿನವೂ ಬೆಳಿಗ್ಗೆ, ಸಂಜೆ ಹೋಗಿ ಹಸಿರು ದೀಪ ಮಿನುಗುತ್ತಿದೆಯೇ ಎಂದು ನೋಡಿ, ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ಯಂತ್ರಕ್ಕೆ ನಮಸ್ಕಾರ ಹೇಳಿ ಬರುತ್ತಿದ್ದರು. ಮನೆಯಲ್ಲಿ ಹಳೆಯ ಕೋಟಿಗೆ ಒಣಹುಲ್ಲು ತುಂಬಿ, ಅದರ ಎದೆ ಒತ್ತಿ ಒತ್ತಿ ಅಭ್ಯಾಸ ಮಾಡುತ್ತಿದ್ದರು. ಅವರ ಹೆಂಡತಿ ಡೆಲಿಯಾ ಆ ಕೋಟನ್ನು ಎರಡು ಸಲ ಹೊಲಿದು ಕೊಟ್ಟಳು. "ಇಷ್ಟು ವರ್ಷದಲ್ಲಿ ನನ್ನ ಎದೆ ಹೇಗಿದೆ ಅಂತ ಒಂದಿನ ಕೇಳಿದೀಯಾ?" ಎಂದು ಅವಳು ಕೇಳಿದ್ದುಂಟು.

ಫಿಂಟನ್‌ಗೆ ಇದನ್ನು ಸಹಿಸಲಾಗಲಿಲ್ಲ. ಟೆಲಿಫೋನ್ ಗೂಡಿನ ಎದುರಿಗೇ ಅವನ ಅಂಗಡಿ. ಆ ಕಡೆಯ ರೂಢಿಯಂತೆ ಮುಂದಿನ ಕೋಣೆಯಲ್ಲಿ ಬಿಯರು, ಹಿಂದಿನ ಕೋಣೆಯಲ್ಲಿ ಶವಪೆಟ್ಟಿಗೆ. ಬದುಕಿರುವಾಗಲೂ ಸತ್ತ ಮೇಲೂ ಊರವರು ಅವನ ಗಿರಾಕಿಗಳೇ. ಕೀಲಿಕೈ ಹತ್ತಿರ ಇರುವವರಲ್ಲಿರಬೇಕು ಎಂದು ಅವನು ಸಮಿತಿಯ ಮುಂದೆ ವಾದ ಹೂಡಿದ. ಶವಪೆಟ್ಟಿಗೆ ಮಾರುವವನ ಕೈಗೆ ಜೀವ ಉಳಿಸುವ ಯಂತ್ರ ಕೊಡುವುದು ಎಷ್ಟು ಸರಿ ಎಂದು ಕೆಲವರು ಗೊಣಗಿದರೂ, ಭಾನುವಾರ ಪೂಜೆ ಮುಗಿದ ಮೇಲೆ ತೀರ್ಮಾನ ಮಾಡುವುದಾಗಿ ಅಸಂಪ್ಟಾ ಸಾರಿದರು.

"ನೀನು ಒಂದು ತಪ್ಪೂ ಮಾಡಿಲ್ದೇ ಇದ್ರೆ ಭಯ ಯಾಕೆ?" ಎಂದರು ಅವರು ಹೇಯ್ಸರಿಗೆ.

ತಪ್ಪೇ ಮಾಡದ ಮನುಷ್ಯನಿಗೆ ಇದಕ್ಕಿಂತ ಭಯಂಕರವಾದ ಮಾತನ್ನು ಯಾರೂ ಹೇಳಲಾರರು.

ಶನಿವಾರ ಹಿಮ ಹೆಪ್ಪುಗಟ್ಟಿತ್ತು. ಡೆಲಿಯಾ ಅಕ್ಕನನ್ನು ನೋಡಲು ಸ್ಲೈಗೋ ಊರಿಗೆ ಹೋಗಿದ್ದಳು. ಮಧ್ಯಾಹ್ನ ಹೇಯ್ಸರು ಪೆಟ್ಟಿಗೆ ತೆರೆದು ಯಂತ್ರವನ್ನು ಮುಟ್ಟಿದರು. ಮುಟ್ಟಿದ ಕೈ ಹಾಗೇ ನಿಂತಿತು. ಯಂತ್ರ ತಣ್ಣಗೆ ಕೊರೆಯುತ್ತಿತ್ತು. ಹೀಟರು ಕೆಟ್ಟಿತ್ತು.

ತಣ್ಣಗಾದರೆ ಯಂತ್ರ ಕೆಲಸ ಮಾಡದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಮನೆಗೊಯ್ದು ಬೆಚ್ಚಗಿಟ್ಟು, ಪಟ್ಟಣದಿಂದ ಹೊಸ ಹೀಟರು ತಂದು ಹಾಕಿ, ಕತ್ತಲಾಗುವುದರೊಳಗೆ ಮತ್ತೆ ಅದರ ಜಾಗದಲ್ಲಿಡಬೇಕು. ಅಷ್ಟೇ. ಪೆಟ್ಟಿಗೆಯಲ್ಲಿ ಒಂದು ಚೀಟಿ ಅಂಟಿಸಬೇಕೆಂದು ಜೇಬಿಗೆ ಕೈಹಾಕಿದ್ದೂ ನಿಜ. ಪೆನ್ನು ಸಿಕ್ಕಿತು, ಕಾಗದ ಸಿಕ್ಕಿತು. ಅಷ್ಟರಲ್ಲಿ ಎದುರಿನ ಅಂಗಡಿಯ ಬಾಗಿಲಲ್ಲಿ ಫಿಂಟನ್‌ನ ಬೋಳುತಲೆ ಹೊಳೆಯಿತು. ಹೀಟರು ಕೆಟ್ಟಿದೆ ಎಂದು ಚೀಟಿ ಹಾಕಿದರೆ ನಾಳೆಯ ಸಭೆಯಲ್ಲಿ ಅದನ್ನೇ ಓದುತ್ತಾನೆ. ಹೇಯ್ಸರು ಪೆನ್ನನ್ನು ಜೇಬಿಗಿಳಿಸಿ, ಯಂತ್ರವನ್ನು ಸ್ವೆಟರುಗಳ ನಡುವೆ ತುರುಕಿಕೊಂಡು, ಬಸುರಿಯ ಹಾಗೆ ಮನೆಗೆ ನಡೆದರು.

ಮನೆಯಲ್ಲಿ ಅದನ್ನು ಮಲಗುವ ಕೋಣೆಯ ಮಂಚದ ನಡುವೆ ಮಲಗಿಸಿದರು. ಕಾಲ ಕಡೆ ಬಿಸಿನೀರು ತುಂಬಿದ ರಬ್ಬರ್ ಚೀಲ, ಎರಡೂ ಪಕ್ಕಕ್ಕೆ ಉದ್ದದ ದಿಂಬು, ಮೇಲೆ ಬಿಳಿಯ ದಪ್ಪ ಹೊದಿಕೆ. ಮಂಚದ ಮೇಲಿದ್ದ ಕಂಬಳಿ ಅಡ್ಡವಾಗಿತ್ತೆಂದು ಅದನ್ನೆತ್ತಿ ನಡುಮನೆಯ ನಿಲುವುಗನ್ನಡಿಯ ಮೇಲೆ ಹಾಕಿದರು. ಗಾಳಿ ನುಗ್ಗದಂತೆ ಎಲ್ಲ ಕಿಟಕಿಗಳ ಪರದೆ ಎಳೆದರು. ಯಂತ್ರ ಆಗಾಗ ಸಣ್ಣಗೆ ಬೀಪ್ ಎಂದು ತನ್ನ ಆರೋಗ್ಯ ತಿಳಿಸುತ್ತಿತ್ತು. ಗೋಡೆ ಗಡಿಯಾರದ ಟಿಕ್ ಟಿಕ್‌ನಲ್ಲಿ ಅದು ಸರಿಯಾಗಿ ಕೇಳಿಸದೆ ಲೋಲಕ ಹಿಡಿದು ಗಡಿಯಾರ ನಿಲ್ಲಿಸಿದರು. ತಲೆ ಬೆಚ್ಚಗಿದ್ದರೆ ಮೈಯೆಲ್ಲ ಬೆಚ್ಚಗಿರುತ್ತದೆಂದು ತಾಯಿ ಹೇಳುತ್ತಿದ್ದದ್ದು ನೆನಪಾಗಿ, ಹೊರಡುವ ಮುನ್ನ ತಮ್ಮ ಉಣ್ಣೆಯ ಟೋಪಿಯನ್ನು ತೆಗೆದು ಹೊದಿಕೆಯ ಮೇಲ್ತುದಿಯಲ್ಲಿಟ್ಟರು. ಫೋನನ್ನು ಅಡುಗೆಮನೆಯ ಮೇಜಿನ ಮೇಲೆ ಮರೆತು, ಎಂದಿನಂತೆ ಬಾಗಿಲಿಗೆ ಬೀಗ ಹಾಕದೆ, ಮಫ್ಲರನ್ನು ತಲೆಗೆ ಸುತ್ತಿಕೊಂಡು ಓಡಿ ಬಸ್ಸು ಹಿಡಿದರು.

ಪಟ್ಟಣದಲ್ಲಿ ಅವರಿಗೆ ಸಿಕ್ಕಿದ್ದು ಕೋಳಿಮರಿಗಳನ್ನು ಬೆಚ್ಚಗಿಡುವ ಹೀಟರು. "ಇದರಲ್ಲಿ ಎಷ್ಟು ಮರಿ ಇಡ್ತೀರಿ?" ಎಂದು ಅಂಗಡಿಯವನು ಕೇಳಿದ್ದಕ್ಕೆ ಹೇಯ್ಸರು, "ಒಂದೇ. ಆದ್ರೆ ಊರಿಗೆಲ್ಲ ಅದೇ ಆಧಾರ," ಎಂದರು. ಅಂಗಡಿಯವನು ಬೇಗಬೇಗ ಚಿಲ್ಲರೆ ಎಣಿಸಿ ಕೊಟ್ಟ.

ಮರಳಿ ಬಸ್ಸು ಇಳಿದಾಗ ಕತ್ತಲಾಗಿತ್ತು. ಅವರ ಮನೆಯ ರಸ್ತೆಯ ಎರಡೂ ಬದಿ ಕಾರುಗಳು ಸಾಲಾಗಿ ನಿಂತಿದ್ದವು. ಅಷ್ಟು ಕಾರು ಒಟ್ಟಿಗೆ ನಿಲ್ಲುವುದು ಫುಟ್‌ಬಾಲ್ ಪಂದ್ಯಕ್ಕೆ, ಇಲ್ಲವೇ ಸಾವಿಗೆ. ಫುಟ್‌ಬಾಲ್ ಋತು ಮುಗಿದಿತ್ತು. ಬೇಲಿಯ ಉದ್ದಕ್ಕೂ ಜನ ಸಾಲುಗಟ್ಟಿ ತಲೆತಗ್ಗಿಸಿ ನಿಂತಿದ್ದರು. ಸಾಲು ಮುಂದೆ ಮುಂದೆ ಸಾಗಿ ಹೇಯ್ಸರ ಗೇಟಿನೊಳಗೆ ನುಗ್ಗಿತ್ತು.

ಹೇಯ್ಸರ ಕಾಲು ತಾನಾಗಿ ಸಾಲಿನ ಕೊನೆಗೆ ಹೋಗಿ ನಿಂತಿತು. ಆ ಊರಿನಲ್ಲಿ ಸಾಲು ಕಂಡ ಮೇಲೆ ಅದನ್ನು ದಾಟಿ ಹೋಗುವುದುಂಟೇ? ಅದು ನಿಮ್ಮ ಮನೆಯೇ ಆದರೂ.

ಮುಂದೆ ನಿಂತಿದ್ದವನು ಆಚೆ ಊರಿನ ಪ್ಯಾಕಿ ಡೂಲನ್ ಎಂಬ ಮನುಷ್ಯ. ಸುತ್ತಲಿನ ಯಾವ ಸಾವನ್ನೂ ತಪ್ಪಿಸಿಕೊಂಡವನಲ್ಲ. ಹೇಯ್ಸರ ಪರಿಚಯ ಅವನಿಗಿರಲಿಲ್ಲ.

"ಚಳಿ ಕಣ್ರೀ," ಎಂದ ಪ್ಯಾಕಿ. "ಸಂಜೆ ರೇಡಿಯೋದಲ್ಲಿ ಸಾವಿನ ಸುದ್ದಿ ಓದ್ತಾರಲ್ಲ, ಕೇಳಿದವನೇ ಊಟ ಅರ್ಧಕ್ಕೆ ಬಿಟ್ಟು ಬಂದೆ. ಇಲ್ಲಿ ಯಾರೋ ಅಸಂಪ್ಟಾ ಅಂತ ಇದಾರಂತೆ. ಹ್ಯಾಮ್ ಸ್ಯಾಂಡ್‌ವಿಚ್‌ಗೆ ಸಾಸಿವೆ ಹಚ್ಚೋದ್ರಲ್ಲಿ ಅವರನ್ನ ಮೀರಿಸೋರಿಲ್ವಂತೆ."

ಯಾರು ಸತ್ತದ್ದು ಎಂದು ಕೇಳಬೇಕು. ಆದರೆ ಸಾವಿನ ಸಾಲಿನಲ್ಲಿ ನಿಂತು ಅದನ್ನು ಕೇಳುವುದು, ಮದುವೆಗೆ ಬಂದು ಊಟ ಮಾಡಿ ಮದುಮಗಳು ಯಾರು ಎಂದು ಕೇಳಿದ ಹಾಗೆ. ಹೇಯ್ಸರು ಸುತ್ತಿ ಬಳಸಿದರು.

"ಪಾಪ, ಏನಾಗಿತ್ತು?"

"ಹೃದಯ. ಇಲ್ಲಿ ಊರವರೆಲ್ಲ ಸೇರಿ ಒಂದು ಯಂತ್ರ ತಂದಿಟ್ಟಿದ್ರಂತೆ ಕಣ್ರೀ. ಬೇಕಾದ ಹೊತ್ತಿಗೆ ನೋಡಿದ್ರೆ ಪೆಟ್ಟಿಗೆ ಖಾಲಿ! ಯಾವನೋ ಹೊತ್ಕೊಂಡು ಹೋಗಿದಾನೆ. ಒಂದು ಚೀಟಿ ಕೂಡ ಇಲ್ಲ. ಅಂಥವನಿಗೆ ಏನು ಮಾಡ್ಬೇಕು, ನೀವೇ ಹೇಳಿ."

"ಗಲ್ಲು," ಎಂದರು ಹೇಯ್ಸರು. ಮನಸ್ಸಿನಲ್ಲಿದ್ದದ್ದನ್ನೇ ಹೇಳಿದರು.

ಅವರ ಕೈಯಲ್ಲಿದ್ದ ಕೋಳಿಮರಿ ಹೀಟರು ಕಲ್ಲಿನಷ್ಟು ಭಾರವಾಯಿತು. ಒಂದು ಜೀವ ಹೋಗಿದೆ. ಯಂತ್ರ ಪೆಟ್ಟಿಗೆಯಲ್ಲಿದ್ದಿದ್ದರೆ ಉಳಿಯುತ್ತಿತ್ತು. ಸಭೆಯಲ್ಲಿ ಮಾನ ಉಳಿಸಿಕೊಳ್ಳಲು ಒಂದು ಚೀಟಿ ಅಂಟಿಸದೆ ಹೋದದ್ದಕ್ಕೆ ಯಾರೋ ಒಬ್ಬರು ಸತ್ತಿದ್ದಾರೆ. ಆದರೆ ಯಾರು? ಮತ್ತು ತಮ್ಮ ಮನೆಯಲ್ಲೇಕೆ? ತಟ್ಟನೆ ಹೊಳೆಯಿತು. ಫಿಂಟನ್! ಖಾಲಿ ಪೆಟ್ಟಿಗೆ ನೋಡಿ, ಕೂಗಾಡಲು ಮನೆಗೆ ಬಂದು, ಕೂಗಾಡುತ್ತಾ ಎದೆ ಹಿಡಿದುಕೊಂಡು ಬಿದ್ದಿದ್ದಾನೆ.

"ಎಡಕ್ಕೆ ಬನ್ನಿ, ಸಾಲು ಬಿಡಬೇಡಿ," ಎಂಬ ದನಿ ಕೇಳಿತು. ಕರಿಯ ಕೋಟು, ಕರಿಯ ಟೈ ತೊಟ್ಟ ಫಿಂಟನ್ ಟಾರ್ಚು ಹಿಡಿದು ಜನರನ್ನು ಸಾಗಿಸುತ್ತಿದ್ದ. ಅವನನ್ನು ಕಂಡು ಹೇಯ್ಸರಿಗೆ ಜನ್ಮದಲ್ಲಿ ಮೊದಲ ಸಲ ಸಂತೋಷವಾಯಿತು. ಆದರೆ ಆ ಸಂತೋಷ ಗೇಟಿನವರೆಗೂ ಬರಲಿಲ್ಲ. ಫಿಂಟನ್ ಅಲ್ಲವಾದರೆ ಮತ್ಯಾರು? ಫಾದರ್ ಗಿಲ್‌ಡಿ ಇರಬೇಕು, ಚರ್ಚಿನ ಪಾದ್ರಿಗಳಿಗೆ ವಯಸ್ಸಾಗಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಅಷ್ಟರಲ್ಲಿ ಫಾದರ್ ಗಿಲ್‌ಡಿಯವರೇ ಒಳಗಿನಿಂದ ಬಾಗಿಲಿಗೆ ಬಂದು ನಿಂತರು. ಅವರಿಗೆ ಸೋಡಾಬುಡ್ಡಿ ಕನ್ನಡಕ ಹಾಕಿದರೂ ಕಣ್ಣು ಮಂದ.

"ಪ್ರಾರ್ಥನೆ ಮುಗಿಸ್ದೆ," ಎಂದರು ಅವರು ಸಾಲಿನವರಿಗೆ. "ಹೊದಿಕೆ ಮೇಲಿಂದಾನೇ ಕಾಲು ಮುಟ್ಟಿ ನೋಡ್ದೆ. ಪಾಪ, ಇನ್ನೂ ಬೆಚ್ಚಗಿತ್ತು! ಡಾಕ್ಟರು ಬರೋವರೆಗೂ ಯಾರೂ ಮುಟ್ಟಬಾರ್ದು ಅಂತ ಅಸಂಪ್ಟಾ ಬಾಗಿಲಿಗೆ ಕುರ್ಚಿ ಹಾಕ್ಕೊಂಡು ಕೂತಿದಾರೆ. ನನ್ನನ್ನ ಬಿಟ್ರೆ ಯಾರನ್ನೂ ಒಳಗೆ ಬಿಟ್ಟಿಲ್ಲ."

"ಮನೆಯೋರೇ ಎಲ್ಲಾ ಸರಿಯಾಗಿ ಮಾಡಿದ್ರಂತೆ ಫಾದರ್," ಎಂದ ಪ್ಯಾಕಿ. "ಪರದೆ ಎಳೆದು, ಕನ್ನಡಿ ಮುಚ್ಚಿ, ಗಡಿಯಾರ ನಿಲ್ಸಿ. ಸಾವಿನ ಮನೆ ಅಂದ್ರೆ ಹಾಗಿರಬೇಕು. ಈಗಿನ ಕಾಲದೋರಿಗೆ ಅದೆಲ್ಲಿ ಗೊತ್ತು?"

ಇದನ್ನು ಕೇಳಿದ ಮೇಲಾದರೂ ಹೇಯ್ಸರಿಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ತಪ್ಪು ಮಾಡಿದ್ದೇನೆಂದು ನಂಬಿದ ಮನುಷ್ಯನ ಕಿವಿಗೆ ಬೇರೆ ಏನೂ ಬೀಳುವುದಿಲ್ಲ.

"ಹೆಸರೇನಂದ್ರು?" ಎಂದು ಕೊನೆಗೂ ಕೇಳಿಯೇಬಿಟ್ಟರು.

"ರೇಡಿಯೋದಲ್ಲಿ ಹ್ಯೂ ಅಂತ ಹೇಳಿದ್ರು."

ಹ್ಯೂ. ಹೇಯ್ಸರು ಊರಿನ ಮನೆಗಳನ್ನೆಲ್ಲ ಮನಸ್ಸಿನಲ್ಲೇ ಸುತ್ತಿಬಂದರು. ಆ ಹೆಸರಿಗೂ ತಮಗೂ ಸಂಬಂಧವಿಲ್ಲವೆಂದು ಅವರು ಎಷ್ಟು ಕಟ್ಟುನಿಟ್ಟಾಗಿ ಬಿಟ್ಟಿದ್ದರೆಂದರೆ, ಈಗ ಅದು ಬಂದು ಬಾಗಿಲು ತಟ್ಟಿದರೂ ಗುರುತು ಸಿಗಲಿಲ್ಲ.

"ಈ ಊರಲ್ಲಿ ಹ್ಯೂ ಅನ್ನೋರು ಯಾರೂ ಇಲ್ವಲ್ರೀ!"

"ಈಗಿಲ್ಲ," ಎಂದ ಪ್ಯಾಕಿ.

ಸಾಲು ಅವರನ್ನು ಒಳಗೆ ತಳ್ಳಿತು. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಣದಬತ್ತಿ, ಟೀ, ಒದ್ದೆ ಕೋಟುಗಳ ವಾಸನೆ, ಜಪಸರದ ಗುನುಗು. ಗೋಡೆಯ ಬದಿಯ ಕುರ್ಚಿಗಳಲ್ಲಿ ದುಃಖಿತರು ಸಾಲಾಗಿ ಕುಳಿತಿದ್ದರು. ಬಂದವರು ತಲೆತಗ್ಗಿಸಿ ಒಬ್ಬೊಬ್ಬರ ಕೈಯನ್ನೇ ಕುಲುಕುತ್ತಾ ಹೋಗಬೇಕು, ಅವರೂ ತಲೆತಗ್ಗಿಸಿಯೇ ಕೈಕೊಡಬೇಕು. ಯಾರೂ ಯಾರ ಮುಖವನ್ನೂ ನೋಡುವಂತಿಲ್ಲ. ಹೇಯ್ಸರು ಮಫ್ಲರು ಸುತ್ತಿದ ತಲೆಯನ್ನು ತಗ್ಗಿಸಿ, ಒಂದು ಕಂಕುಳಲ್ಲಿ ಹೀಟರನ್ನು ಒತ್ತಿಕೊಂಡು ಕೈಕುಲುಕುತ್ತಾ ಬಂದರು. ತಮ್ಮನ ಕೈ. ತಮ್ಮನೂ ಬದುಕಿದ್ದಾನೆ. ಡೆಲಿಯಾಳ ಅಕ್ಕನ ಕೈ. ಕೊನೆಯ ಕುರ್ಚಿಯಲ್ಲಿ ಡೆಲಿಯಾಳ ಕೈ.

"ನಿಮ್ಮ ದುಃಖ ನಮ್ಮ ದುಃಖ," ಎಂದರು ಹೇಯ್ಸರು. ಅಭ್ಯಾಸಬಲ.

"ಬಂದದ್ದು ಉಪಕಾರವಾಯ್ತು," ಎಂದಳು ಡೆಲಿಯಾ, ಕರವಸ್ತ್ರದೊಳಗಿನಿಂದ. "ಟೀ ಕುಡೀದೆ ಹೋಗ್ಬೇಡಿ."

ಹೇಯ್ಸರು ಬಗ್ಗಿ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದರು. "ಡೆಲಿಯಾ, ಯಾರು ಹೋದದ್ದು?"

ಡೆಲಿಯಾ ತಲೆಯೆತ್ತಿದಳು.

"ನೀನು," ಎಂದಳು.

ಆಮೇಲೆ ಅವಳ ಬಾಯಿಂದ ಹೊರಟ "ಏ!" ಎಂಬ ಕೂಗು ಹೆಸರೋ, ಚೀತ್ಕಾರವೋ, ಬೈಗುಳವೋ ಇಂದಿಗೂ ತೀರ್ಮಾನವಾಗಿಲ್ಲ. ಜಪಸರ ನಿಂತಿತು. ಮಲಗುವ ಕೋಣೆಯ ಬಾಗಿಲಲ್ಲಿ ಕುಳಿತಿದ್ದ ಅಸಂಪ್ಟಾರ ಕೈಯಿಂದ ಟೀ ಪಾತ್ರೆ ಜಾರಿ ಫಾದರ್ ಗಿಲ್‌ಡಿಯವರ ಪಾದದ ಮೇಲೆ ಬಿತ್ತು. ಫಾದರ್ ಪಾದಕ್ಕಿಂತ ಹೆಚ್ಚಾಗಿ ನೋಯುವ ದನಿಯಲ್ಲಿ, "ಕಾಲು ಬೆಚ್ಚಗಿತ್ತು, ನಾನೇ ಮುಟ್ಟಿದೀನಿ!" ಎಂದರು.

"ನಾನು ಸತ್ತಿಲ್ಲ," ಎಂದರು ಹೇಯ್ಸರು ಎಲ್ಲರಿಗೂ. ಯಾಕೋ ಅದೂ ತಮ್ಮ ತಪ್ಪೇ ಎನಿಸಿ, "ಕ್ಷಮಿಸಿ," ಎಂದು ಸೇರಿಸಿದರು.

ಅಸಂಪ್ಟಾ ಎದ್ದು ನಿಂತರು. "ಪೆಟ್ಟಿಗೆ ಖಾಲಿ ಇದೆಯಲ್ಲ, ಕಾವಲುಗಾರನೆಲ್ಲಿ ಸತ್ತ ಅಂತ ಬೈತಾ ಬಂದೆ. ಬಂದ್ರೆ ಪರದೆ ಎಳೆದಿದೆ! ಗಡಿಯಾರ ನಿಂತಿದೆ! ಕನ್ನಡಿ ಮುಚ್ಚಿದೆ! ಮಂಚದ ಮೇಲೆ ಬಿಳೀ ಹೊದಿಕೆ, ತುದೀಲಿ ನಿನ್ನ ಟೋಪಿ! ಈ ಸೀಮೇಲಿ ಯಾರಾದ್ರೂ ಇದನ್ನೆಲ್ಲ ತಮಾಷೆಗೆ ಮಾಡ್ತಾರೇನಯ್ಯಾ? ನೀನು ಇಲ್ಲಿದ್ರೆ, ನಾನು ಮಧ್ಯಾಹ್ನದಿಂದ ಕಾವಲು ಕೂತಿರೋದು ಯಾರಿಗೆ?"

ಎಲ್ಲರೂ ಮಲಗುವ ಕೋಣೆಯ ಬಾಗಿಲನ್ನು ನೋಡಿದರು. ಹೇಯ್ಸರು ಹೇಳಬಹುದಿತ್ತು. ಹೇಳಲು ಬಾಯಿ ತೆರೆದರು ಕೂಡ. ಆದರೆ ಇಡೀ ಊರು ತಮ್ಮ ಬಾಯಿಯನ್ನೇ ನೋಡುತ್ತಿದ್ದಾಗ ಅವರ ಬಾಯಿಂದ ಮಾತು ಬಂದದ್ದು, ಉದ್ಘಾಟನೆಯ ದಿನವೊಂದನ್ನು ಬಿಟ್ಟರೆ, ಎಂದೂ ಇಲ್ಲ.

"ಪಕ್ಕಕ್ಕೆ ಸರೀರಿ ಎಲ್ಲ," ಎಂದ ಫಿಂಟನ್. "ಹೆಣ ನೋಡಿ ಹೆದರೋನಲ್ಲ ನಾನು. ಇದು ನನ್ನ ಕಸುಬು."

ಅವನು ಒಳಗೆ ಹೋದ. ಹಿಂದೆ ಬಾಗಿಲಿನ ಚೌಕಟ್ಟಿನಲ್ಲಿ ತುಂಬುವಷ್ಟು ತಲೆಗಳು ತುಂಬಿಕೊಂಡವು. ಫಿಂಟನ್ ಒಂದು ಕೈಯಲ್ಲಿ ಶಿಲುಬೆಯ ಗುರುತು ಮಾಡಿಕೊಂಡು, ಇನ್ನೊಂದರಲ್ಲಿ ಹೊದಿಕೆಯ ಅಂಚು ಹಿಡಿದು, ಅನುಭವಸ್ಥನ ಗತ್ತಿನಿಂದ ಒಮ್ಮೆಗೇ ಸರ್ರನೆ ಎಳೆದ. ಹೊದಿಕೆಯ ಜೊತೆಗೆ ಯಂತ್ರದ ಮುಚ್ಚಳವೂ ಸಿಕ್ಕಿಕೊಂಡು ಟಪ್ಪನೆ ತೆರೆದುಕೊಂಡಿತು. ಮುಚ್ಚಳ ತೆರೆದರೆ ಯಂತ್ರ ಮಾತಾಡಬೇಕೆಂಬುದು ಅದನ್ನು ಮಾಡಿದವರ ಏರ್ಪಾಡು. ಅದು ಮಾತಾಡಿತು. ಗಟ್ಟಿಯಾಗಿ, ಸ್ಪಷ್ಟವಾಗಿ, ಬಹಳ ಗೌರವದಿಂದ ಹೆಂಗಸಿನ ದನಿಯೊಂದು ಮಂಚದ ಮೇಲಿನಿಂದ ಹೇಳಿತು:

"ಗಾಬರಿಯಾಗಬೇಡಿ."

ಫಿಂಟನ್ ಕಡಿದ ಮರದ ಹಾಗೆ ಬಿದ್ದ.

ಬಾಗಿಲಿನ ತಲೆಗಳೆಲ್ಲ ಒಟ್ಟಿಗೆ ಮಾಯವಾದವು. ಪ್ಯಾಕಿ ಡೂಲನ್ ಸ್ಯಾಂಡ್‌ವಿಚ್ ತಟ್ಟೆಯೊಡನೆ ಅಡುಗೆಮನೆಯ ಕಿಟಕಿಯಿಂದ ಹೊರಗೆ ಹಾರಿದ. ಒಂದೂ ಬೀಳಲಿಲ್ಲ ಎನ್ನುತ್ತಾರೆ. ಅಸಂಪ್ಟಾ ಫಾದರ್ ಗಿಲ್‌ಡಿಯವರ ಹಿಂದೆ ಅಡಗಿದರು. ಫಾದರ್ ಅಸಂಪ್ಟಾರ ಹಿಂದೆ ಅಡಗಲು ಯತ್ನಿಸುತ್ತಿದ್ದದ್ದರಿಂದ ಇಬ್ಬರೂ ನಿಂತಲ್ಲೇ ಗಿರಕಿ ಹೊಡೆಯತೊಡಗಿದರು. "ಯಂತ್ರ! ಯಾರಾದ್ರೂ ಓಡಿಹೋಗಿ ಯಂತ್ರ ತನ್ನಿ!" ಎಂದು ಅಂಗಳದಿಂದ ಯಾರೋ ಕೂಗಿದರು. ಖಾಲಿ ಪೆಟ್ಟಿಗೆಯ ಕಡೆಗೆ ಊರಿನ ಅರ್ಧ ಗಂಡಸರು ಓಡಿಯೂ ಬಿಟ್ಟರು.

ಕೋಣೆಯಲ್ಲಿ ಉಳಿದವರು ಹೇಯ್ಸರೊಬ್ಬರೇ. ಹೆಬ್ಬಾತಿಗೆ ಹೆದರುವ ಮನುಷ್ಯ. ಅವರು ಹೀಟರನ್ನು ಕೆಳಗಿಟ್ಟು ಮೊಣಕಾಲೂರಿದರು. "ಫಿಂಟನ್, ಕೇಳಿಸ್ತಿದೆಯಾ?" ಎಂದರು. ಉತ್ತರವಿಲ್ಲ. ಉಸಿರಾಡುತ್ತಿದ್ದಾನೋ ಎಂದು ಮೂಗಿಗೆ ಕಿವಿಯಿಟ್ಟರು. ಆದರೆ ಬಾಗಿಲಿನಲ್ಲಿ ಡೆಲಿಯಾ, "ಬದುಕಿದ್ದೀಯಾ? ನಿಜವಾಗ್ಲೂ ಬದುಕಿದ್ದೀಯಾ? ಹಾಗಿದ್ರೆ ನಿನ್ನನ್ನ ಕೊಂದೇಹಾಕ್ತೀನಿ!" ಎಂದು ಕೂಗುತ್ತಿದ್ದದ್ದರಿಂದ ಏನೂ ಕೇಳಿಸಲಿಲ್ಲ. ಹುಲ್ಲು ತುಂಬಿದ ಕೋಟಿನ ಗುಂಡಿ ಬಿಚ್ಚಿ ಬಿಚ್ಚಿ ಪಳಗಿದ ಕೈಗಳು ತಾವೇ ಮುಂದಾದವು. ಕರಿ ಕೋಟು, ಕರಿ ಟೈ, ಇಸ್ತ್ರಿ ಮಾಡಿದ ಅಂಗಿ ಎ‍ಲ್ಲ ಬಿಚ್ಚಿಹೋಯಿತು. ಯಂತ್ರದ ಎರಡು ಅಂಟುಪಟ್ಟಿಗಳು ಫಿಂಟನ್‌ನ ಎದೆಗೆ ಹತ್ತಿದವು.

"ಹೃದಯದ ಬಡಿತವನ್ನು ಪರೀಕ್ಷಿಸಲಾಗುತ್ತಿದೆ. ರೋಗಿಯನ್ನು ಮುಟ್ಟಬೇಡಿ," ಎಂದಿತು ಯಂತ್ರ.

ಓಡಿದವರು ಒಬ್ಬೊಬ್ಬರಾಗಿ ಮರಳಿ ಬಂದು ಬಾಗಿಲಲ್ಲಿ ಇಣುಕಿದರು. ಹೇಯ್ಸರು ಎರಡೂ ಕೈಗಳನ್ನು ಮೇಲೆತ್ತಿ ಹಿಡಿದಿದ್ದರು, ಪೊಲೀಸರು ಹಿಡಿದಾಗ ಕಳ್ಳ ಎತ್ತುವ ಹಾಗೆ. ಈ ಯಂತ್ರ ತಣ್ಣಗಾಗಿದ್ದರೆ? ತಡವಾಗಿದ್ದರೆ? ಬಿಸಿನೀರು ಸಾಲದೆ ಹೋಗಿದ್ದರೆ?

"ಶಾಕ್ ನೀಡುವ ಅಗತ್ಯವಿಲ್ಲ," ಎಂದಿತು ಯಂತ್ರ.

"ಹೌದು ತಾಯಿ, ಇವತ್ತಿಗೆ ಸಾಕು," ಎಂದರು ಅಸಂಪ್ಟಾ.

ಫಿಂಟನ್ ಕಣ್ಣು ತೆರೆದ. ಮೇಲೆ ಮೇಣದಬತ್ತಿಯ ಬೆಳಕು. ಸುತ್ತ ಜಪಸರ ಹಿಡಿದ ಊರವರು. ಎದುರಿಗೆ ಮಫ್ಲರು ಸುತ್ತಿದ ಹೇಯ್ಸರ ಮುಖ. ಅವರ ಸಾವಿನ ಸುದ್ದಿಯನ್ನು ಸಂಜೆ ರೇಡಿಯೋಗೆ ಫೋನ್ ಮಾಡಿ ಕೊಟ್ಟವನು ಫಿಂಟನ್ನೇ.

"ನಾನು ಸತ್ತೋದ್ನಾ?" ಎಂದ ಕ್ಷೀಣವಾಗಿ.

"ಇಲ್ಲಪ್ಪಾ," ಎಂದರು ಹೇಯ್ಸರು ಸಮಾಧಾನದ ದನಿಯಲ್ಲಿ. "ಸತ್ತಿದ್ದು ನಾನು."

ಫಿಂಟನ್‌ಗೆ ಬರೀ ತಲೆಸುತ್ತು ಬಂದಿತ್ತೆಂದು, ಆಮೇಲೆ ಬಂದ ಡಾಕ್ಟರು ಹೇಳಿದರು. ಹೆಣ ನೋಡಲು ಬಂದ ಅವರಿಗೆ ಊರೆಲ್ಲ ಸೇರಿ ಹೆಣವಿಲ್ಲವೆಂದು ವಿವರಿಸಿ ಹೇಳುವಷ್ಟರಲ್ಲಿ ಅವರಿಗೇ ಕೂತುಕೊಳ್ಳಲು ಕುರ್ಚಿ ಬೇಕಾಯಿತು.

ಎಲ್ಲ ಕೊಂಚ ತಣ್ಣಗಾದ ಮೇಲೆ ಹೇಯ್ಸರು ನಡುಮನೆಯ ನಡುವೆ ನಿಂತರು. ಒಳಗಿನ ಸ್ವೆಟರಿನೊಳಗಿನಿಂದ ದಾರ ಎಳೆದು, ಕೀಲಿಕೈಯನ್ನು ತೆಗೆದು, ಸ್ಯಾಂಡ್‌ವಿಚ್‌ಗಳ ಪಕ್ಕ ಮೇಜಿನ ಮೇಲಿಟ್ಟರು.

"ಹೀಟರು ಕೆಟ್ಟಿತ್ತು," ಎಂದರು. "ಚೀಟಿ ಹಾಕ್ಬೇಕಿತ್ತು. ಪೆನ್ನೂ ಇತ್ತು. ಹಾಕಿದ್ರೆ ನಾಳೆ ಕೀಲಿ ಹೋಗುತ್ತೆ ಅಂತ ಹಾಕ್ಲಿಲ್ಲ. ನಿಜವಾಗಿ ಯಾರಿಗಾದ್ರೂ ಏನಾದ್ರೂ ಆಗಿದ್ರೆ... ಸಾಲಿನಲ್ಲಿ ನಿಂತಿದ್ದಾಗ ಆಯ್ತು ಅಂತಾನೇ ನಂಬಿದ್ದೆ. ಭಾನುವಾರದವರೆಗೂ ಕಾಯೋದು ಬೇಡ. ಈ ಕೀಲಿ ಫಿಂಟನ್‌ಗೆ ಕೊಟ್ಬಿಡಿ."

ಇಷ್ಟು ಉದ್ದದ ಮಾತನ್ನು ಹೇಯ್ಸರು ಉದ್ಘಾಟನೆಯ ದಿನದ ನಂತರ ಆಡಿರಲಿಲ್ಲ. ಈ ಸಲ ಅರಸರೂ ಇರಲಿಲ್ಲ, ಸಂತರೂ ಇರಲಿಲ್ಲ. ಯಾರೂ ನಗಲಿಲ್ಲ. ಅಸಂಪ್ಟಾ ಕೀಲಿಕೈಯನ್ನು ಎತ್ತಿಕೊಂಡು ಫಿಂಟನ್‌ನತ್ತ ಚಾಚಿದರು. ಅವನು ಡೆಲಿಯಾಳ ಹೂವಿನ ಗೌನು ಹೊದ್ದು, ಎದೆಗೆ ಇನ್ನೂ ಅಂಟುಪಟ್ಟಿ ಅಂಟಿಸಿಕೊಂಡು, ಎರಡು ಗುಟುಕು ವಿಸ್ಕಿ ಕುಡಿದು ಕೂತಿದ್ದ.

"ನನಗೆ ಬೇಡಪ್ಪಾ ಬೇಡ," ಎಂದು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ನನ್ನ ಗಿರಾಕಿಗಳು ಬಾಯಿ ಮುಚ್ಚಿಕೊಂಡು ಮಲಗಿರೋ ಜನ. ಎದ್ದು ಮಾತಾಡೋ ಪೆಟ್ಟಿಗೆ ಜೊತೆ ನನ್ನ ಕೈಲಾಗಲ್ಲ. ಅವನೇ ಇಟ್ಕೊಳ್ಳಲಿ. ನಾನು ಬಿದ್ದಾಗ ನೀವೆಲ್ಲ ಎಲ್ಲಿದ್ರಿ? ಕಣ್ಣು ಬಿಟ್ಟಾಗ ಇದ್ದೋನು ಆ ಸತ್ತೋನೊಬ್ಬನೇ."

ಅಸಂಪ್ಟಾ ಸುತ್ತ ನೋಡಿದರು. ಊರವರು ಮತ್ತೆ ತಮ್ಮ ತಮ್ಮ ಬೂಟುಗಳನ್ನು ನೋಡತೊಡಗಿದ್ದರು. ಅವರು ಕೀಲಿಕೈಯನ್ನು ಹೇಯ್ಸರ ಅಂಗೈಗೆ ಒತ್ತಿ, ಬೆರಳುಗಳನ್ನು ತಾವೇ ಮಡಚಿದರು. "ಇನ್ನೊಂದ್ಸಲ ಚೀಟಿ ಇಲ್ದೆ ಯಂತ್ರ ಎತ್ತಿದ್ರೆ, ಆಗ ನಿಜವಾಗ್ಲೂ ಸ್ಯಾಂಡ್‌ವಿಚ್ ಮಾಡ್ತೀನಿ. ಗೊತ್ತಾಯ್ತಾ?"

"ಫಾದರ್, ಆ ಪ್ರಾರ್ಥನೆ?" ಎಂದು ಯಾರೋ ಕೇಳಿದರು. ಹೇಳಿಯಾದ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆಯುವ ಕ್ರಮ ತಮಗೆ ತಿಳಿಯದೆಂದೂ, ಅದು ಹೇಯ್ಸರ ಲೆಕ್ಕದಲ್ಲಿ ಮುಂಗಡವಾಗಿ ಇರಲೆಂದೂ ಫಾದರ್ ತೀರ್ಪು ಕೊಟ್ಟರು. ಅಷ್ಟು ಸ್ಯಾಂಡ್‌ವಿಚ್ ಕೊಯ್ದಾಗಿತ್ತು, ಅಷ್ಟು ಟೀ ಕುದಿದಿತ್ತು. ಹೆಣವಿಲ್ಲವೆಂಬ ಒಂದೇ ಕಾರಣಕ್ಕೆ ಜನ ಮನೆಗೆ ಹೋಗಲು ಒಪ್ಪಲಿಲ್ಲ. ಪ್ಯಾಕಿ ಡೂಲನ್ ಖಾಲಿ ತಟ್ಟೆಯೊಡನೆ ಬಾಗಿಲಿನಿಂದ ಮರಳಿ ಬಂದು, ಹೇಯ್ಸರ ಕೈಕುಲುಕಿ, "ಇಂಥ ಒಳ್ಳೇ ಸಾವು ನಾನು ನೋಡೇ ಇರ್ಲಿಲ್ಲ," ಎಂದ.

ಡೆಲಿಯಾ ಕನ್ನಡಿಯ ಮೇಲಿನ ಕಂಬಳಿ ಎಳೆದು ಗಂಡನ ಹೆಗಲಿಗೆ ಹೊದಿಸಿದಳು. "ದಾರಿ ಉದ್ದಕ್ಕೂ ನಿನ್ನ ಬಗ್ಗೆ ಒಳ್ಳೊಳ್ಳೇದೇ ನೆನಪು ಮಾಡ್ಕೊಂಡು ಅತ್ಕೊಂಡು ಬಂದೆ," ಎಂದಳು. "ಎಲ್ಲಾ ದಂಡ. ಹೊರಗೆ ಹೋಗೋವಾಗ ಟೋಪಿ ಹಾಕ್ಕೋ ಅಂತ ಬಡ್ಕೊಳ್ತೀನಿ, ನೀನು ಹಾಕ್ಕೊಳ್ಳಲ್ಲ. ಪೆಟ್ಟಿಗೆಗೆ ಹಾಕಿದೀಯ!" ಟೋಪಿಯನ್ನು ಅವರ ತಲೆಗೆ, ಕಿವಿ ಮುಚ್ಚುವವರೆಗೆ, ಅಗತ್ಯಕ್ಕಿಂತ ಜೋರಾಗಿ ಎಳೆದು ಹಾಕಿದಳು. ಆಮೇಲೆ ಆ ಕೈಯನ್ನು ಸ್ವಲ್ಪ ಹೊತ್ತು ಅಲ್ಲಿಯೇ ಬಿಟ್ಟಳು.

ಮರುದಿನ ಪೂಜೆಗೆ ಬಂದವರು ಟೆಲಿಫೋನ್ ಗೂಡಿನ ಮುಂದೆ ನಿಂತು ನಿಂತು ಮುಂದೆ ಹೋದರು. ಕೋಳಿಮರಿ ಹೀಟರು ಆ ಖಾನೆಗೆ ಹಿಡಿಸಿರಲಿಲ್ಲ, ಸರಿಯಾದದ್ದು ಬರಲು ಇನ್ನೂ ದಿನ ಬೇಕಿತ್ತು. ಪೆಟ್ಟಿಗೆಯ ಗಾಜಿನ ಮೇಲೆ, ನಾಲ್ಕೂ ಮೂಲೆಗೆ ಎರಡೆರಡು ಸಲ ಅಂಟುಪಟ್ಟಿ ಹಾಕಿ, ಒಂದು ಚೀಟಿ ಅಂಟಿಸಲಾಗಿತ್ತು:

"ಯಂತ್ರ ನಮ್ಮ ಮನೆಯಲ್ಲಿ ಬೆಚ್ಚಗಿದೆ. ಬೇಕಾದವರು ಬಾಗಿಲು ತಟ್ಟದೆ ಒಳಗೆ ಬನ್ನಿ. ಪರದೆ ಎಳೆದಿರುವುದು ಚಳಿಗೆ. ನಾನು ಬದುಕಿದ್ದೇನೆ. — ಏ ಹೇಯ್ಸ್."